ಕೈ ಬಿಟ್ಟರೆ ನಿಲ್ಲುವ ಗ್ರೈಂಡರು

ಅರಕೆರೆಯಲ್ಲಿ ನಾಲೆ ಏರಿಗೆ ಮುಖ ಮಾಡಿ ನಿಂತ ತಗಡಿನ ಶೆಡ್ಡೊಂದಿದೆ. ಅಲ್ಲಿ ಕನಕರಾಜು ಗೇಟು, ಕಿಟಕಿ, ಟ್ರಾಕ್ಟರಿನ ಮುರಿದ ಕೊಂಡಿಗಳನ್ನು ಬೆಸೆಯುತ್ತಾನೆ. ಅವನು ಬೆಸೆದದ್ದನ್ನು ಅವನ ಹೆಂಡತಿ ಮಮತ ಉಜ್ಜುತ್ತಾಳೆ. ಬೆಸುಗೆ ಹಾಕಿದ ಜಾಗದಲ್ಲಿ ಕಬ್ಬಿಣ ಗಂಟುಗಂಟಾಗಿ ಎದ್ದು ನಿಂತಿರುತ್ತದೆ. ಕೈಯಲ್ಲಿ ಹಿಡಿಯುವ ಗ್ರೈಂಡರಿನ ಚಕ್ರವನ್ನು ಅದರ ಮೇಲೆ ಆಡಿಸಿ, ಗಂಟು ತೆಗೆದು, ಆ ಕಬ್ಬಿಣ ಹುಟ್ಟಿದ್ದೇ ಹೀಗೆ ಅನ್ನಿಸುವ ಹಾಗೆ ಮಾಡುವುದು ಅವಳ ಕೆಲಸ.

ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಶೆಡ್ಡಿಗೆ ಬರುತ್ತಿದ್ದುದು ಊಟದ ಕ್ಯಾರಿಯರ್ ಹಿಡಿದುಕೊಂಡು. ಒಂದು ದಿನ ಉಜ್ಜುವ ಆಳು ಬರಲಿಲ್ಲ, ಗೇಟಿನವರು ಬಂದು ಕೂತುಬಿಟ್ಟಿದ್ದರು. ಮಮತ ಸೆರಗು ಸಿಕ್ಕಿಸಿಕೊಂಡು ಗ್ರೈಂಡರು ಎತ್ತಿಕೊಂಡಳು. ಮೊದಲ ಸಲ ಕಿಡಿ ಹಾರಿದಾಗ ಅವಳಿಗೆ ಹೆದರಿಕೆಯಾಗಲಿಲ್ಲ. ಯಾರೋ ತನಗಾಗಿಯೇ ಬೆಳಕನ್ನು ತೂರುತ್ತಿದ್ದಾರೆ ಅನ್ನಿಸಿತು. ಹಳೆಯ ಸರಳಿನ ಕಿಡಿ ಕೆಂಪಗೆ, ಗಿಡ್ಡಕ್ಕೆ ಬೀಳುತ್ತದೆ. ಹೊಸ ಪೈಪಿನದು ಉದ್ದಕ್ಕೆ ಹೋಗಿ ತುದಿಯಲ್ಲಿ ಗರಿಕೆಯ ತೆನೆಯ ಹಾಗೆ ಒಡೆಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನೋಡಿ ನೋಡಿ ತಿಳಿಯಿತು.

ಅವಳು ಚಿಕ್ಕಂದಿನಿಂದಲೂ ಹಾಗೇ. ಇಸ್ಕೂಲಿನಲ್ಲಿ ಹಾಜರಿ ಕೂಗುವಾಗ ಪಕ್ಕದವಳು ಚಿವುಟಬೇಕಿತ್ತು. ಭತ್ತದ ಗದ್ದೆಯ ಮೇಲೆ ಗಾಳಿ ಹಾಯುವುದನ್ನು ನೋಡುತ್ತಾ ನಿಂತರೆ ಬಂದ ಬಸ್ಸೂ ಹೋಗಿಬಿಡುತ್ತಿತ್ತು. ಗ್ರೈಂಡರಿನ ಸದ್ದಿನೊಳಗೆ ಮಾತ್ರ ಅವಳ ಈ ಕನಸಿಗೆ ಒಂದು ಮನೆ ಸಿಕ್ಕಿತ್ತು. ಆ ಗುಂಯ್‌ಗುಡುವಿಕೆಯಲ್ಲಿ ಬೇರೆ ಯಾರ ಮಾತೂ ಕೇಳುವುದಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಮನಸ್ಸು ಎಲ್ಲೋ ತೇಲುತ್ತದೆ. ಉಜ್ಜಿ ಮುಗಿದ ಮೇಲೆ ಅವಳು ಕಣ್ಣು ಮುಚ್ಚಿ ಬೆಸುಗೆಯ ಮೇಲೆ ಅಂಗೈ ಆಡಿಸುತ್ತಿದ್ದಳು. ಕೈಗೆ ಏನೂ ಸಿಗದಿದ್ದರೆ ಕೆಲಸ ಆಯಿತೆಂದು ಲೆಕ್ಕ.

ಈ ವರ್ಷ ದೀಪಾವಳಿ ಕಳೆದ ಮೇಲೆ ಶೀಳನೆರೆಯ ಮಾದಮ್ಮನ ಮನೆಯಿಂದ ಒಂದು ಕೆಲಸ ಬಂತು. ಮಾದಮ್ಮನ ಅತ್ತೆ ದೊಡ್ಡತಾಯಮ್ಮನಿಗೆ ಕಣ್ಣಿನ ನರ ಹೋಗಿತ್ತು. ಮೈಸೂರಿನಲ್ಲಿ ತೋರಿಸಿದರೂ ಇನ್ನು ಆಗದು ಅಂದಿದ್ದರು. ಆದರೂ ಮುದುಕಿ ಬೆಳಗ್ಗೆ ಎದ್ದು ಹಸುವಿನ ಹತ್ತಿರ ತಾನೇ ಹೋಗಬೇಕು ಅಂತ ಹಟ ಹಿಡಿದಿದ್ದಳು. ಎರಡು ಸಲ ಬಿದ್ದೂ ಇದ್ದಳು. ಬಾಗಿಲಿನಿಂದ ಕೊಟ್ಟಿಗೆಯವರೆಗೆ ಹಿಡಿದುಕೊಂಡು ಹೋಗಲಿಕ್ಕೆ ಪೈಪಿನ ಕಂಬಿ ಹಾಕಿಸಿಬಿಡೋಣ ಅಂತ ಮಾದಮ್ಮ ಹೊರಟಿದ್ದಳು.

ಅಳತೆಗೆ ಹೋದ ದಿನ ದೊಡ್ಡತಾಯಮ್ಮ ಜಗಲಿಯ ಮೇಲೆ ಕೂತಿದ್ದಳು. ಮಮತಳ ಕೈಯನ್ನು ಎಳೆದುಕೊಂಡು, ಬೆರಳುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದಳು.

"ಕೆಲ್ಸ ಮಾಡೋ ಕೈ ಕಣವ್ವ ಇದು," ಅಂದಳು. "ನಂಗೆ ಈಗ ಕಣ್ಣು ಅಂಗೈಲಿ ಅವೆ. ಚುಚ್ಚದಂಗೆ ಮಾಡ್ಕೊಡು, ಆಯ್ತಾ?"

"ಆಯ್ತು ದೊಡ್ಡವ್ವ," ಅಂದಳು ಮಮತ. ಟೇಪು ಬಿಚ್ಚಿ ಹೊಸ್ತಿಲಿನಿಂದ ಅಳೆಯತೊಡಗಿದಳು.

ಒಟ್ಟು ಇಪ್ಪತ್ತಾರು ಬೆಸುಗೆ. ಕನಕರಾಜು ಮೂರು ದಿನದಲ್ಲಿ ಬೆಸೆದು ಮುಗಿಸಿದ. ಮಮತ ಒಂಬತ್ತನೆಯದನ್ನು ಉಜ್ಜುತ್ತಿರುವಾಗ ಹನ್ನೊಂದು ವರ್ಷದ ಹಳೆಯ ಗ್ರೈಂಡರು ಕೆಮ್ಮಿದ ಹಾಗೆ ಸದ್ದು ಮಾಡಿತು. ಹಿಂದಿನ ಕಿಂಡಿಗಳಿಂದ ನೀಲಿ ಹೊಗೆ ಬಂತು. ನಿಂತುಹೋಯಿತು.

"ಓಯ್ತು," ಅಂದ ಕನಕರಾಜು.

ಮಮತ ಬಿಸಿಯಾದ ಗ್ರೈಂಡರನ್ನು ಬಟ್ಟೆಯ ಮೇಲೆ ಇಟ್ಟಳು. ಅವಳಿಗೆ ಸಂಕಟವಾಯಿತು. ಸಂಕಟದ ಜೊತೆಗೇ, ಯಾರಿಗೂ ಹೇಳಲಾಗದ ಒಂದು ನಿರಾಳವೂ ಆಯಿತು.

ಅದಕ್ಕೆ ಕಾರಣವಿತ್ತು. ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳು ಒಬ್ಬಳೇ ಉಜ್ಜುತ್ತಿದ್ದಾಗ ಕರೆಂಟು ಹೋಗಿತ್ತು. ಆ ಗ್ರೈಂಡರಿನ ಸ್ವಿಚ್ಚು ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಳ್ಳುವಂಥದ್ದು. ಹಿಂದಕ್ಕೆ ಎಳೆಯುವುದನ್ನು ಮರೆತು ಅವಳು ಅದನ್ನು ಕಬ್ಬಿಣದ ಮೇಜಿನ ಮೇಲೆ ಇಟ್ಟು, ಬಾಗಿಲ ಬಳಿ ನಾಲೆ ನೋಡುತ್ತಾ ಕೂತಳು. ನೀರಿನ ಮೇಲಿನ ಬಿಸಿಲು ಏರಿಯ ಹೊಂಗೆ ಮರದ ಎಲೆಗಳ ಅಡಿಗೆ ಹೋಗಿ ಅಲ್ಲಿ ನಡುಗುತ್ತಿತ್ತು. ಎಲೆಗಳಿಗೂ ಒಳಗಿನಿಂದ ದೀಪ ಹಚ್ಚಿದ ಹಾಗೆ. ಅದರಲ್ಲಿ ಅವಳು ಎಷ್ಟು ಹೊತ್ತು ಕಳೆದುಹೋಗಿದ್ದಳೋ. ಹಿಂದೆ ಒಮ್ಮೆಲೇ ಗ್ರೈಂಡರು ಅರಚಿತು. ಕರೆಂಟು ಬಂದಿತ್ತು. ಮೇಜಿನಿಂದ ಕೆಳಗೆ ಹಾರಿ, ಸಿಮೆಂಟು ನೆಲದ ಮೇಲೆ ಚಕ್ರ ಉರುಳಿಸಿಕೊಂಡು ಅವಳ ಕಡೆಗೇ ಬಂತು. ಸೀರೆಯ ಅಂಚನ್ನು ಕಚ್ಚಿ ಮೊಣಕಾಲಿನವರೆಗೆ ಸುತ್ತಿಕೊಂಡಿತು. ಅಷ್ಟರಲ್ಲಿ ವೈರು ಬಿಗಿಯಾಗಿ ಪಿನ್ನು ಕಿತ್ತುಬಂದದ್ದಕ್ಕೆ ಅವಳು ಉಳಿದಳು. ಮೀನಖಂಡದ ಮೇಲೆ ಒಂದು ಕೆಂಪು ಗೆರೆ, ಅಷ್ಟೇ.

ಹರಿದ ಅಂಚನ್ನು ಅವಳು ಒಲೆಗೆ ಹಾಕಿದಳು. ಗಂಡನಿಗೆ ಮೊಳೆ ತಗುಲಿತೆಂದಳು. ಆದರೆ ಅವತ್ತಿನಿಂದ ಗ್ರೈಂಡರು ಹಿಡಿದಾಗ ಅವಳು ಒಂದು ಕ್ಷಣವೂ ತೇಲಲಿಲ್ಲ. ಹಲ್ಲು ಕಚ್ಚಿಕೊಂಡು ಚಕ್ರವನ್ನೇ ದಿಟ್ಟಿಸುತ್ತಿದ್ದಳು. ಕಿಡಿಗಳು ಬರೀ ಕಿಡಿಗಳಾದವು.

ಆ ಸಂಜೆ ಕನಕರಾಜು ಮೊಬೈಲು ತೋರಿಸಿದ. "ನೋಡಮ್ಮಿ, ಇಲ್ಲಿ ಅರ್ಧ ರೇಟ್ಗೆ ಅದೆ. ಅತ್ತು ವೀಲು ಬೇರೆ ಫ್ರೀಯಾಗಿ ಕೊಡ್ತಾವ್ರೆ. ನಾಳಿದ್ದು ಮನೆಗೇ ಬತ್ತದೆ."

"ಅದ್ರ ಸದ್ದು ಎಂಗದೆ ಅಂತ ಪೋನಲ್ಲಿ ಗೊತ್ತಾಯ್ತದಾ?" ಅಂದಳು ಮಮತ.

"ಗ್ರೈಂಡರ್ ಸದ್ದು ಗ್ರೈಂಡರ್ ತರಾನೇ ಇರ್ತದೆ ಕಣೆ."

"ನಾನ್ ಹಿಡ್ಕೊಳಾದು. ನಾನೇ ಓಗಿ ತತ್ತೀನಿ."

ಅವನಿಗೂ ಮಾರನೆಯ ದಿನ ಬೇರೆ ಊರಿನಲ್ಲಿ ಗೇಟು ನಿಲ್ಲಿಸುವುದಿತ್ತು. ಮೂರು ಸಾವಿರದ ಮೇಲೆ ಹೋಗಬೇಡ ಎಂದಷ್ಟೇ ಹೇಳಿದ.

ಹಳೆಯದನ್ನು ಒಂದು ಸಲ ತೋರಿಸಿಬಿಡೋಣ ಎಂದು ಮಮತ ಮೊದಲು ಪಾಂಡವಪುರಕ್ಕೆ ಹೋದಳು. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕುಳ್ಳಯ್ಯ ಪಂಪ್‌ಸೆಟ್ಟುಗಳಿಗೆ ವೈಂಡಿಂಗ್ ಮಾಡುತ್ತಾನೆ. ಎಪ್ಪತ್ತರ ಹತ್ತಿರದವನು. ಅವನ ಅಂಗಡಿಯ ಗೋಡೆ ತುಂಬ ತಾಮ್ರದ ತಂತಿಯ ಸುರುಳಿಗಳು. ಬೆಳಗಿನ ಬಿಸಿಲು ಅವುಗಳ ಮೇಲೆ ಬಿದ್ದು ಇಡೀ ಅಂಗಡಿ ಜೇನಿನೊಳಗೆ ಮುಳುಗಿದ ಹಾಗಿತ್ತು. ಮಮತ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಬಾ ಮಗ, ಕೂತ್ಕೋ. ನಿತ್ಕೊಂಡೇ ನಿದ್ದೆ ಮಾಡ್ತಿದ್ದೀಯಲ್ಲ," ಎಂದು ಕುಳ್ಳಯ್ಯ ನಕ್ಕ.

ಅವನು ಗ್ರೈಂಡರು ಬಿಚ್ಚಿ ಮೂಗಿನ ಹತ್ತಿರ ಹಿಡಿದು ಮೂಸಿದ. "ಒಳಗೆ ತಿರುಗೋ ಸುರುಳಿ, ಆರ್ಮೇಚರ್ರು, ಸುಟ್ಟೋಗದೆ. ಮಾಡ್ಕೊಡ್ಬೋದು, ದುಡ್ಡು ಈಸ್ಕೋಬೋದು. ಆದ್ರೆ ಬೇರಿಂಗೂ ಓಗದೆ, ಗೇರೂ ಸವ್ದದೆ. ನಿಂಗೆ ಮೋಸ ಮಾಡ್ದಂಗೆ ಆಯ್ತದೆ. ಇದ್ರ ಆಯಸ್ಸು ಮುಗೀತು, ಬುಡು."

"ಒಸದು ತಕ್ಕೋಬೇಕು ಮಾವ. ಯಾವ್ದು ತಕ್ಕೊಳ್ಳಿ?"

ಕುಳ್ಳಯ್ಯ ಕನ್ನಡಕ ತೆಗೆದು ಒರೆಸಿಕೊಂಡ. "ಡಬ್ಬದ್ ಬಣ್ಣ ನೋಡ್ಬ್ಯಾಡ. ಅದ್ರ ಮೋಟ್ರೊಳಗೆ ಸವೆಯೋ ಕಾರ್ಬನ್ನು, ಸ್ವಿಚ್ಚು ನಮ್ ಕಡೆ ಸಿಕ್ತದಾ ಕೇಳು. ಸಿಗದೆ ಇದ್ರೆ ಎಷ್ಟ್ ಕಮ್ಮಿಗೆ ಕೊಟ್ರೂ ದುಬಾರೀನೇ. ಚಕ್ರದ್ ಮ್ಯಾಲೆ ಗಾರ್ಡು ಗಟ್ಟಿಯಾಗಿ ಕೂತಿರ್ಬೇಕು, ಅಳ್ಳಾಡ್ಬಾರ್ದು. ಖಾಲಿ ಓಡ್ಸಿ ಕಿವಿ ಕೊಡು, ಕಲ್ಲು ಅರೆಯೋ ಸದ್ದು ಬಂದ್ರೆ ಇಟ್ಬುಡು. ಚಕ್ರದ ಮ್ಯಾಲೆ ಸ್ಪೀಡಿಂದು ಒಂದು ನಂಬರು ಬರ್ದಿರ್ತದೆ, ಅದು ಮಿಷನ್ನಿನ ನಂಬರ್ಗಿಂತ ಕಮ್ಮಿ ಇರ್ಬಾರ್ದು. ಇದ್ರೆ ಚಕ್ರ ಸಿಡೀತದೆ." ಕನ್ನಡಕ ಹಾಕಿಕೊಂಡು ಕೇಳಿದ: "ನೀನು ಎಂಗೆ ಕೆಲ್ಸ ಮಾಡ್ತೀಯವ್ವ? ಅದು ಗೊತ್ತಾದ್ರೆ ಯಾವ್ದು ಅಂತ ಯೋಳ್ಬೋದು."

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ತಾಮ್ರದ ಬೆಳಕಿನಲ್ಲಿ ಕೂತ ಆ ಮುದುಕನಿಗೆ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ತನ್ನ ತೇಲುವಿಕೆ, ನಾಲೆಯ ಬಿಸಿಲು, ಗ್ರೈಂಡರು ಹಾರಿ ಬಂದದ್ದು, ಒಲೆಗೆ ಹಾಕಿದ ಸೀರೆಯಂಚು.

"ನಂದೇ ತಪ್ಪು ಮಾವ. ಗ್ಯಾನ ಎಲ್ಲೋ ಇಟ್ಕೊಂಡಿದ್ದೆ."

ಕುಳ್ಳಯ್ಯ ಹಳೆಯ ಗ್ರೈಂಡರಿನ ಸ್ವಿಚ್ಚನ್ನು ಹಿಂದಕ್ಕೆ ಎಳೆದ. "ಕರೆಂಟು ಓದಾಗ ಸ್ವಿಚ್ ಆರ್ಸದೆ ಇದ್ದುದ್ದು ತಪ್ಪು. ನೀನು ನಾಲೆ ನೋಡಿದ್ದು ತಪ್ಪಲ್ಲ," ಅಂದ. "ಹಿಡಿ ಅಡೀಲಿ ಉದ್ದಕ್ಕೆ ಸ್ವಿಚ್ಚಿರೋದೊಂದು ಬತ್ತದೆ. ಪ್ಯಾಡಲ್ಲು ಅಂತಾರೆ. ಒತ್ತಿ ಹಿಡ್ದಿರೋ ಗಂಟ ಓಡ್ತದೆ, ಕೈ ಬುಟ್ರೆ ಸ್ವಿಚ್ ಆರೋಯ್ತದೆ. ಕರೆಂಟು ನೂರು ಸಲ ಬಂದ್ರೂ ತಾನಾಗಿ ಏಳಕಿಲ್ಲ. ಗಂಡಸ್ರು ತಕ್ಕೋಳಕಿಲ್ಲ, ಒತ್ತಿ ಒತ್ತಿ ಬೆರಳು ನೋಯ್ತದೆ ಅಂತಾರೆ. ಪಟ್ಣದಲ್ಲಿ ತಿಮ್ಮರಾಜು ಅಂಗ್ಡೀಲಿ ಕೇಳು. ಇದ್ರೂ ಇರ್ಬೋದು."

ಹಳೆಯ ಗ್ರೈಂಡರನ್ನು ಅವನು ಬಿಡಿಭಾಗಕ್ಕೆಂದು ಇಟ್ಟುಕೊಂಡ. ಬದಲಿಗೆ ಒಂದು ಲೋಟ ಟೀ ಕುಡಿಸಿ ಕಳಿಸಿದ.

ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಟಿಕೆಟ್ಟು ಪಡೆದು ಮಮತ ಕಿಟಕಿ ಪಕ್ಕ ಕೂತಳು. ಹೂಬಿಟ್ಟ ಕಬ್ಬಿನ ಸೂಲಂಗಿಗಳು ಬೆಳ್ಳಗೆ ಬಾಗಿದ್ದವು. ಬೈಲಿನ ಮೇಲೆ ತೆಳ್ಳಗೆ ಮಂಜಿನ್ನೂ ಇತ್ತು. ಬಸ್ಸು ರಸ್ತೆಯ ಮೇಲೆ ಹೋಗುತ್ತಿದೆಯೋ ಮಂಜಿನ ಮೇಲೆ ಜಾರುತ್ತಿದೆಯೋ ತಿಳಿಯುವಂತಿರಲಿಲ್ಲ. ತಾನು ಹೇಳಿಕೊಂಡದ್ದನ್ನು ನೆನೆದು ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹೊಳೆ ದಾಟುವಾಗ ನೀರು ಬಂಡೆಗಳ ಸಂದಿಯಲ್ಲಿ ಹೊಳೆಯುವುದನ್ನು ಅವಳು ತಿರುತಿರುಗಿ ನೋಡಿದಳು. ಕಂಡಕ್ಟರು ಎರಡು ಸಲ ಕೂಗಿದ ಮೇಲೆ ಇಳಿದಳು.

ತಿಮ್ಮರಾಜುವಿನ ಹಾರ್ಡ್‌ವೇರ್ ಅಂಗಡಿ ಪೇಟೆ ಬೀದಿಯಲ್ಲಿತ್ತು. ಅವನು ಪೈಪು ಅಳೆಯುತ್ತಿದ್ದವನು ತಲೆ ಎತ್ತಿದ.

"ಅಣ್ಣ, ಗ್ರೈಂಡರ್ ಬೇಕಿತ್ತು."

"ಹಿಟ್ ರುಬ್ಬೋದಾ ಅಕ್ಕ? ಅದು ಆ ಮೂಲೆ ಪಾತ್ರೆ ಅಂಗ್ಡೀಲಿ ಸಿಕ್ತದೆ."

"ಕಬ್ಣ ಉಜ್ಜೋದು. ನಾಕಿಂಚಿನ ವೀಲಿಂದು."

ತಿಮ್ಮರಾಜು ಅವಳ ಕೈ ನೋಡಿದ. ಸ್ಟೂಲು ಎಳೆದುಕೊಟ್ಟ. ಆಮೇಲೆ ಮೂರು ಡಬ್ಬಗಳನ್ನು ಮುಂದೆ ಇಟ್ಟ.

ಮೊದಲನೆಯದು ಬಹಳ ಅಗ್ಗ, ಹೆಸರೇ ಕೇಳದ ಕಂಪನಿಯದು. ಗಾರ್ಡನ್ನು ಬೆರಳಲ್ಲಿ ತಳ್ಳಿದರೆ ತಿರುಗಿಕೊಳ್ಳುತ್ತಿತ್ತು. ಕಾರ್ಬನ್ನು ಸಿಗುತ್ತದೆಯೇ ಅಂತ ಕೇಳಿದ್ದಕ್ಕೆ ತಿಮ್ಮರಾಜು ಕತ್ತು ಕೆರೆದುಕೊಂಡು, "ಅದು ಕೆಟ್ರೆ ಇನ್ನೊಂದ್ ತಕ್ಕೊಳ್ಳೋದು ಅಷ್ಟೆಯ," ಎಂದು ಒಪ್ಪಿಕೊಂಡ. ಎರಡನೆಯದು ಒಳ್ಳೆಯ ಮಾಲು. ಊರಿನ ಬೆಸುಗೆಯವರೆಲ್ಲ ಅದನ್ನೇ ಒಯ್ಯುತ್ತಾರಂತೆ. ಆದರೆ ಅದರ ಮೈ ದಪ್ಪ, ಮಮತಳ ಹೆಬ್ಬೆರಳೂ ನಡುಬೆರಳೂ ಸುತ್ತಿ ಬಂದು ಒಂದನ್ನೊಂದು ಮುಟ್ಟಲಿಲ್ಲ. ಮೂರನೆಯದು ತೆಳ್ಳಗಿತ್ತು, ಹಗುರವಿತ್ತು. ಪಿನ್ನು ಚುಚ್ಚಿ ಓಡಿಸಿದಾಗ ಸದ್ದೂ ಹಿತವಾಗಿತ್ತು. ಸ್ವಿಚ್ಚು ಮಾತ್ರ ಹಳೆಯದರ ಹಾಗೆಯೇ, ಮುಂದಕ್ಕೆ ತಳ್ಳಿದರೆ ಟಕ್ಕೆಂದು ಕಚ್ಚಿಕೊಳ್ಳುವಂಥದ್ದು. ಆ ಟಕ್ ಸದ್ದಿಗೆ ಅವಳ ಮೀನಖಂಡ ತಾನಾಗಿ ಬಿಗಿಯಿತು.

"ಪ್ಯಾಡಲ್ ಸ್ವಿಚ್ಚಿಂದು ಇಲ್ವಾ ಅಣ್ಣ? ಒತ್ತಿ ಹಿಡ್ಕೊಳಾದು?"

ತಿಮ್ಮರಾಜು ಆಶ್ಚರ್ಯದಿಂದ ನೋಡಿದ. "ಅದ್ನ ಯಾರೂ ಕೇಳಾಕಿಲ್ವಲ್ಲಕ್ಕ. ಒಂದ್ ತಂದಿದ್ದೆ, ಒಂದೂವರೆ ವರ್ಷದಿಂದ ಮ್ಯಾಲೆ ಬಿದ್ದದೆ." ಅವನು ಏಣಿ ಹತ್ತಿ ಅಟ್ಟದಿಂದ ಒಂದು ಡಬ್ಬ ಇಳಿಸಿದ. ಬಿಸಿಲು ಬಿದ್ದು ಡಬ್ಬದ ಒಂದು ಮಗ್ಗುಲು ಮಾಸಿತ್ತು. ಅದರ ಮೇಲಿನ ಧೂಳನ್ನು ಊದಿದಾಗ ಬಾಗಿಲಿನ ಬೆಳಕಿನಲ್ಲಿ ಧೂಳು ನಿಧಾನವಾಗಿ ಸುತ್ತಿ ಸುತ್ತಿ ಏರಿತು. ಮಮತ ಅದನ್ನೇ ನೋಡುತ್ತಾ ಗ್ರೈಂಡರನ್ನು ಕೈಗೆ ತೆಗೆದುಕೊಂಡಳು.

ಹಿಡಿಯ ಕೆಳಗೆ ಉದ್ದಕ್ಕೆ ಒಂದು ಪಟ್ಟಿ. ಅದರ ಮಧ್ಯದ ಸಣ್ಣ ತಡೆಯನ್ನು ಬೆರಳಿನಿಂದ ಸರಿಸದೆ ಪಟ್ಟಿ ಒಳಗೆ ಹೋಗುತ್ತಿರಲಿಲ್ಲ. ಸರಿಸಿ, ಒತ್ತಿದಳು. ಯಂತ್ರ ಎಚ್ಚರವಾಯಿತು. ಒರಟಿಲ್ಲ, ನಡುಕವಿಲ್ಲ, ದೂರದ ಗದ್ದೆಯಲ್ಲಿ ಜೇನು ಎದ್ದ ಹಾಗೆ ಒಂದೇ ಎಳೆಯ ಸದ್ದು. ಅವಳು ಕಣ್ಣು ಮುಚ್ಚಿಕೊಂಡಳು. ಬೆರಳು ಸಡಿಲಿಸಿದಳು. ಸದ್ದು ಕೆಳಗಿಳಿಯುತ್ತಾ ಇಳಿಯುತ್ತಾ ಮುಗಿಯಿತು. ಪಿನ್ನು ಕಿತ್ತು ಮತ್ತೆ ಚುಚ್ಚಿಸಿದಳು. ಯಂತ್ರ ಅಲುಗಲಿಲ್ಲ. ಮತ್ತೊಮ್ಮೆ ಚುಚ್ಚಿಸಿದಳು. ಅದು ಅವಳ ಮಡಿಲಲ್ಲಿ ಬೆಕ್ಕಿನ ಹಾಗೆ ಸುಮ್ಮನೆ ಮಲಗಿತ್ತು.

"ಕಾರ್ಬನ್ನು?"

"ಎರಡನೇದುಕ್ಕೂ ಇದುಕ್ಕೂ ಒಂದೇ ಕಾರ್ಬನ್ನು, ಒಂದೇ ಕಂಪ್ನಿ. ನನ್ ತಾವ್ಲೇ ಅದೆ. ಮೈಸೂರಲ್ಲಿ ಸರ್ವೀಸೂ ಅದೆ. ವಾರಂಟಿ ಕಾರ್ಡಿಗೆ ಇವತ್ತಿನ್ ತಾರೀಕು ಆಕ್ಕೊಡ್ತೀನಿ." ತಿಮ್ಮರಾಜು ನಕ್ಕ. "ಒಂದೂವರೆ ವರ್ಷ ನಿನ್ನೇ ಕಾಯ್ಕೊಂಡ್ ಕೂತಿತ್ತೇನೋ. ನಾನ್ ತಂದ್ ರೇಟ್ಗೇ ಕೊಡ್ತೀನಿ, ತಕ್ಕೊಂಡೋಗಕ್ಕ."

ಮೂರು ಸಾವಿರದೊಳಗೇ ಆಯಿತು. ಉಳಿದದ್ದಕ್ಕೆ ಅವಳು ಕಣ್ಣಿಗೆ ಹಾಕುವ ಕನ್ನಡಕವನ್ನೂ ನಾಲ್ಕು ಚಕ್ರಗಳನ್ನೂ ಕೊಂಡಳು. ಪ್ರತಿ ಚಕ್ರದ ಮೇಲಿನ ನಂಬರನ್ನು ಗ್ರೈಂಡರಿನ ತಗಡಿನ ನಂಬರಿನ ಪಕ್ಕ ಹಿಡಿದು ನೋಡಿಯೇ ಚೀಲಕ್ಕೆ ಹಾಕಿದಳು.

ಸಂಜೆ ಕನಕರಾಜು ಹೊಸದನ್ನು ಕೈಯಲ್ಲಿ ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದ. "ಇದೇನಮ್ಮಿ ಇದು, ಒತ್ಕೊಂಡೇ ಇರ್ಬೇಕಾ? ಉಳ್ದಿರೋ ಜಾಯಿಂಟು ಮುಗ್ಸೋ ಹೊತ್ಗೆ ಕೈ ಬಿದ್ದೋಯ್ತದೆ. ಎಲ್ಲಾರೂ ತಕ್ಕೊಳೋದ್ ಬುಟ್ಟು ಇದ್ನ ಯಾಕ್ ತಂದೆ?"

ಮಮತ ಸೀರೆಯನ್ನು ಸ್ವಲ್ಪ ಮೇಲೆತ್ತಿ ಮೀನಖಂಡ ತೋರಿಸಿದಳು. ಗೆರೆ ಈಗ ಬೆಳ್ಳಗಾಗಿತ್ತು. ಆಮೇಲೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ಕನಕರಾಜು ಕೇಳಿಸಿಕೊಂಡ. ಅವನು ಬೈಯುತ್ತಾನೆಂದು ಅವಳು ಕಾದಳು. ಅವನು ಆ ಕಬ್ಬಿಣದ ಮೇಜಿನ ಹತ್ತಿರ ಹೋಗಿ, ಅದರ ಅಂಚಿನಿಂದ ಬಾಗಿಲಿನವರೆಗೆ ಕಣ್ಣಲ್ಲೇ ಅಳೆದ. ಎರಡು ಮಾರು ದೂರ.

"ಮೊಳೆ ತಗುಲ್ತು ಅಂದಿದ್ದೆ," ಅಂದ.

"ಊಂ."

"ಮೂರ್ ತಿಂಗ್ಳು ನಾನು ಆ ಮಿಷನ್ನ ನಿನ್ ಕೈಗೆ ಕೊಟ್ಕೊಂಡೇ ಇದ್ನಲ್ಲ." ಅವನ ದನಿ ಒಡೆದಿತ್ತು. ಅವನೇ ಹೊಸ ಗ್ರೈಂಡರಿಗೆ ಚಕ್ರ ಕೂರಿಸಿ, ನಟ್ಟು ಬಿಗಿದು, ಗಾರ್ಡನ್ನು ಅವಳ ಕಡೆ ತಿರುಗುವ ಹಾಗೆ ಸರಿಮಾಡಿ, ಅವಳ ಮುಂದೆ ಇಟ್ಟ.

ಮಾರನೆಯ ಬೆಳಗ್ಗೆ ಅವಳು ಅರ್ಧಕ್ಕೆ ನಿಂತಿದ್ದ ಒಂಬತ್ತನೆಯ ಬೆಸುಗೆಯಿಂದ ಶುರುಮಾಡಿದಳು. ಕನಕರಾಜು ಹೇಳಿದ್ದು ಸುಳ್ಳಲ್ಲ, ಒಂದು ಗಂಟೆಗೆಲ್ಲ ಬೆರಳುಗಳು ಮರಗಟ್ಟಿದವು. ಎರಡು ಬೆಸುಗೆಗೊಮ್ಮೆ ನಿಲ್ಲಿಸಿ ಕೈ ಕೊಡವಿಕೊಳ್ಳಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಕೈಗೆ ಒಂದು ಲಯ ಸಿಕ್ಕಿತು. ಆಗ ಅವಳಿಗೇ ತಿಳಿಯದೆ ಮನಸ್ಸು ಹಗ್ಗ ಬಿಚ್ಚಿದ ದೋಣಿಯ ಹಾಗೆ ಹೊರಟಿತು. ಶೀಳನೆರೆಯ ಅಂಗಳ ಕಂಡಿತು. ಮದುವೆಯಾಗಿ ಬಂದಾಗಿನಿಂದ ಒಂದೇ ದಾರಿಯಲ್ಲಿ ನಡೆದ ದೊಡ್ಡತಾಯಮ್ಮನ ಪಾದಗಳು ಕಂಡವು. ಕಿಡಿಗಳು ಪೈಪಿನಗುಂಟ ಹರಿದು, ಯಾರೋ ಕತ್ತಲಲ್ಲಿ ಒಂದೊಂದೇ ಸೊಡರು ಇಡುತ್ತಾ ಹೋದ ಹಾಗೆ ಕೊನೆಯವರೆಗೆ ಹೋದವು. ಮಧ್ಯೆ ಎರಡು ಸಲ ಕರೆಂಟು ಹೋಗಿ ಬಂತು. ಬಂದದ್ದು ಅವಳಿಗೆ ಗೊತ್ತಾದದ್ದು ಫ್ಯಾನು ತಿರುಗಿದ ಮೇಲೆ.

ಕಂಬಿ ಹೂಡಲು ಶೀಳನೆರೆಗೆ ಹೋದದ್ದು ಒಂದು ಭಾನುವಾರ. ಗೂಡ್ಸ್ ಆಟೋದಲ್ಲಿ ಪೈಪುಗಳು, ಅವುಗಳ ಮೇಲೆ ಕೂತ ಮಮತ. ಕಂಬಗಳನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ, ಅದು ಗಟ್ಟಿಯಾಗಲು ಬಿಟ್ಟು ಬಂದು, ನಾಲ್ಕನೆಯ ದಿನ ಮತ್ತೆ ಹೋದರು. ದೊಡ್ಡತಾಯಮ್ಮ ಮೀಯಿಸಿಕೊಂಡು, ತಲೆ ಬಾಚಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಸೊಸೆ ಮಾದಮ್ಮ ತೋಳು ಹಿಡಿಯಲು ಬಂದರೆ, "ಬುಡವ್ವ, ಇವತ್ತು ನಾನೇ," ಎಂದು ಸರಿಸಿದಳು.

ಅವಳ ಕೈ ಕಂಬಿಯ ಮೇಲೆ ಕೂತಿತು. ನಡೆದಳು. ಅಂಗೈ ಬೆಸುಗೆಗಳನ್ನು ಒಂದರ ಮೇಲೊಂದು ದಾಟಿತು, ಎಲ್ಲಿಯೂ ತಡೆಯಲಿಲ್ಲ. ಮಮತ ಪಕ್ಕದಲ್ಲೇ ನಡೆದಳು. ಕೊಟ್ಟಿಗೆಗೆ ತಿರುಗುವ ಮೂಲೆಯಲ್ಲಿ ಮುದುಕಿ ನಿಂತುಬಿಟ್ಟಳು.

"ಇಲ್ಲೊಂದು ಅದೆ," ಅಂದಳು. "ಅಡೀಲಿ. ಸಾಸ್ವೆ ಕಾಳಷ್ಟು."

ಕನಕರಾಜು ಬಗ್ಗಿ ನೋಡಿದ, ಅವನಿಗೆ ಕಾಣಲಿಲ್ಲ. ಮಮತ ಮುಟ್ಟಿದಳು, ಸಿಕ್ಕಿತು. ಪೈಪು ಬಾಗುವ ಒಳಮಗ್ಗುಲಲ್ಲಿ ಒಂದು ಸಣ್ಣ ಹನಿ ಉಳಿದುಬಿಟ್ಟಿತ್ತು. ಅವಳಿಗೆ ನಾಚಿಕೆಯಾಯಿತು.

"ನಿಮ್ಸ ನಿಂತ್ಕೊ ದೊಡ್ಡವ್ವ. ಮೊಕ ಆ ಕಡೆ ತಿರುಗ್ಸು, ಕಿಡಿ ಬರ್ತದೆ."

"ಬರ್ಲಿ ಬುಡು. ಬಿಸಿ ಆದ್ರೂ ಗೊತ್ತಾಯ್ತದೆ, ಬೆಳಕು ಬಂತು ಅಂತ."

ಮಾದಮ್ಮ ಅತ್ತೆಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಕರೆದೊಯ್ದಳು. ಗೋಡೆಯ ಪಾಯಿಂಟಿಗೆ ವೈರು ಚುಚ್ಚಿ ಮಮತ ಮಂಡಿಯೂರಿ ಕೂತಳು. ಎರಡೇ ಸಲ ಚಕ್ರ ತಾಗಿಸಿ ಬೆರಳು ಸಡಿಲಿಸಿದಳು. ಪೈಪು ಆರಿದ ಮೇಲೆ ತನ್ನ ಅಂಗೈ ಆಡಿಸಿದಳು, ಆಮೇಲೆ ದೊಡ್ಡತಾಯಮ್ಮನ ಅಂಗೈಯನ್ನು ಅಲ್ಲಿಗೆ ತಂದು ಇಟ್ಟಳು.

ಮುದುಕಿ ಮೂಲೆ ದಾಟಿ ಕೊಟ್ಟಿಗೆಯೊಳಗೆ ಹೋದಳು. ಹಸು ಕತ್ತು ನೀಡಿತು. ದೊಡ್ಡತಾಯಮ್ಮ ಅದರ ಕತ್ತಿನಡಿಯ ಗಂಗೆದೊಗಲನ್ನು ಸವರುತ್ತಾ, ಅದಕ್ಕೆ ಮಾತ್ರ ಕೇಳುವ ಹಾಗೆ ಏನೋ ಮಾತಾಡತೊಡಗಿದಳು. ಮಾದಮ್ಮ ಊಟಕ್ಕೆ ಎಲೆ ಹಾಕಿ ಎರಡು ಸಲ ಕರೆದರೂ ಮುದುಕಿ ಈಚೆಗೆ ಬರಲಿಲ್ಲ. ಕನಕರಾಜು ಕೈ ತೊಳೆದು ಹೆಂಡತಿಯನ್ನು ಹುಡುಕಿದ. ಅವಳು ಕೊಟ್ಟಿಗೆಯ ಬಾಗಿಲಿಗೆ ಒರಗಿ, ಗ್ರೈಂಡರನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಹುಲ್ಲಿನ ಹೊಟ್ಟು ತೇಲುವುದನ್ನು ನೋಡುತ್ತಿದ್ದಳು. ಅವನು ಅವಳನ್ನು ಕೂಗಲಿಲ್ಲ. ವೈರು ಸುತ್ತಿಟ್ಟು, ತಾನೂ ಅಲ್ಲೇ ಕೂತುಕೊಂಡ.